ಎಂಟನೆಯ ಸಂಖ್ಯೆ 17ರಿಂದ ಭಾಗವಾಗುತ್ತದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಇತ್ತೀಚೆಗೆ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಪ್ರಕಟವಾದ ಕಿರುಬರಹವೊಂದರಲ್ಲಿ 31, 331, 3331, 33331, 333331, 3333331, 33333331 ಎಂಬ ಏಳು ಸಂಖ್ಯೆಗಳನ್ನು ಒಂದರ ಕೆಳಗೊಂದು ಮುದ್ರಿಸಿ, ಇವೆಲ್ಲವೂ ಅವಿಭಾಜ್ಯಗಳೆಂದೂ, ಎಡಗಡೆಗೆ ಇನ್ನಷ್ಟು ಮೂರುಗಳನ್ನು ಸೇರಿಸುತ್ತಾ ಹೋದರೂ ಹೀಗೆಯೇ ಅವಿಭಾಜ್ಯಗಳು ದೊರೆಯುತ್ತವೆಂದೂ ತಿಳಿಸಲಾಗಿತ್ತು. ಮೊದಲನೆಯ ಮಾತು ಪೂರ್ತಿ ಸರಿ. ಎರಡನೆಯದು ಸರಿಯಲ್ಲ. ಎಂಟನೆಯ ಸಂಖ್ಯೆಯಾದ 333333331 ಎಂಬುದು 17 ಮತ್ತು 19607843ರ ಗುಣಲಬ್ಧ. ಒಂಬತ್ತನೆಯದಾದ 3333333331 ಎಂಬುದು 673 ಮತ್ತು 4952947ರ ಗುಣಲಬ್ಧ. ಎಂಟು ಮೂರುಗಳಿಂದ ಹಿಡಿದು ಹದಿನಾರು ಮೂರುಗಳವರೆಗಿನ ಒಂಬತ್ತೂ ಸಂಖ್ಯೆಗಳು ಸಂಯುಕ್ತ ಸಂಖ್ಯೆಗಳೇ. ಹದಿನೇಳು ಮೂರುಗಳ ಮುಂದೆ ಒಂದನ್ನು ಬರೆದಾಗ ಮಾತ್ರ ಮತ್ತೆ ಅವಿಭಾಜ್ಯ ಸಿಗುತ್ತದೆ. ಏಳು ಸುತ್ತಿನ ಕೋಟೆಯ ಊರಿನವನಾದ ನಾನು, ಏಳು ಬಾಗಿಲು ದಾಟಿದ ಮಾತ್ರಕ್ಕೆ ಕೋಟೆ ಕೈವಶವಾಯಿತೆಂದು ಬರೆದವರು ಭಾವಿಸಿದ್ದನ್ನು ಕಂಡು ಸ್ವಲ್ಪ ನಕ್ಕೆನಾದರೂ, ಮಕ್ಕಳು ಓದುವ ಪುಟವಾದ್ದರಿಂದ ಈ ತಿದ್ದುಪಡಿಯನ್ನು ಬರೆದು ಕಳಿಸುವುದು ಅಗತ್ಯವೆನಿಸಿತು.

ಆದರೆ ಒಂದು ಸಂಖ್ಯೆ ತಪ್ಪಿತು ಎಂದಷ್ಟೇ ತಿಳಿಸಿ ಸುಮ್ಮನಾದರೆ ಮಕ್ಕಳಿಗೆ ಹೆಚ್ಚೇನೂ ದಕ್ಕುವುದಿಲ್ಲ. ಎಂಟನೆಯದು ಏಕೆ ತಪ್ಪಿತು, ತಪ್ಪದೇ ಇರಲು ಸಾಧ್ಯವಿತ್ತೇ ಎಂಬುದು ನಿಜವಾದ ಪ್ರಶ್ನೆ, ಮತ್ತು ಅದಕ್ಕೆ ಹೈಸ್ಕೂಲಿನ ಹುಡುಗ ಹುಡುಗಿಯರಿಗೆ ಅರ್ಥವಾಗುವ ಉತ್ತರವಿದೆ. ಹದಿನೈದು ಒಂದುಗಳನ್ನು ಸಾಲಾಗಿ ಬರೆದು ಅದನ್ನು 31ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಹಾಗಿದ್ದ ಮೇಲೆ ಹದಿನೈದು ಮೂರುಗಳ ಸಂಖ್ಯೆಯೂ 31ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಈಗ ಹದಿನಾರು ಮೂರುಗಳ ಮುಂದೆ ಒಂದನ್ನು ಬರೆದ ಹದಿನೇಳು ಅಂಕಿಗಳ ಸಂಖ್ಯೆಯನ್ನು ನೋಡೋಣ. ಅದು ಹದಿನೈದು ಮೂರುಗಳ ಸಂಖ್ಯೆಯನ್ನು ನೂರರಿಂದ ಗುಣಿಸಿ, ಬಂದದ್ದಕ್ಕೆ 31ನ್ನು ಕೂಡಿಸಿದಾಗ ದೊರೆಯುವ ಸಂಖ್ಯೆ. ಎರಡು ಭಾಗಗಳೂ 31ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಅಂದರೆ ದಾರಿಯಲ್ಲಿ 17 ಅಡ್ಡ ಬರದೇ ಇದ್ದಿದ್ದರೂ, ಸಾಲಿನ ಮೊದಲ ಸಂಖ್ಯೆಯಾದ 31 ತಾನೇ ಮುಂದೆ ಬಂದು ಆ ಸಾಲನ್ನು ಮುರಿಯುತ್ತಿತ್ತು, ಮತ್ತು ಅಲ್ಲಿಂದಾಚೆಗೆ ಪ್ರತಿ ಹದಿನೈದು ಹೆಜ್ಜೆಗೊಮ್ಮೆ ಮುರಿಯುತ್ತಲೇ ಇರುತ್ತಿತ್ತು. 17 ಕೂಡ ಇದೇ ರೀತಿ ಹದಿನಾರು ಹೆಜ್ಜೆಗೊಮ್ಮೆ ಮರಳಿ ಬರುತ್ತದೆ. ಒಂದೇ ಅಂಕಿಯನ್ನು ಎಡಕ್ಕಾಗಲಿ ಬಲಕ್ಕಾಗಲಿ ಸೇರಿಸುತ್ತಾ ಹೋಗಿ ಎಂದೂ ತಪ್ಪದ ಅವಿಭಾಜ್ಯಗಳ ಸಾಲನ್ನು ಕಟ್ಟುವುದು ಅಸಾಧ್ಯ ಎಂಬುದಕ್ಕೆ ಇದೇ ತರ್ಕ ಸಾಕು: 2 ಮತ್ತು 5ನ್ನು ಬಿಟ್ಟು ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಅದರಿಂದ ಭಾಗವಾಗುವ, ಬರೀ ಒಂದುಗಳಿಂದಲೇ ಆದ ಸಂಖ್ಯೆ ಎಲ್ಲೋ ಒಂದೆಡೆ ಇದ್ದೇ ಇರುತ್ತದೆ, ಏಕೆಂದರೆ ಭಾಗಿಸಿದಾಗ ಉಳಿಯಬಹುದಾದ ಶೇಷಗಳು ಮಿತವಾಗಿವೆ, ಒಂದುಗಳ ಸಾಲು ಮಾತ್ರ ಬೆಳೆಯುತ್ತಲೇ ಹೋಗುತ್ತದೆ.

ಕೆಲವನ್ನು ನೋಡಿ ಎಲ್ಲವನ್ನೂ ಊಹಿಸುವ ಆತುರ ದೊಡ್ಡವರನ್ನೂ ಬಿಟ್ಟಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ 3, 5, 17, 257, 65537 ಎಂಬ ಐದು ಅವಿಭಾಜ್ಯಗಳನ್ನು ಕಂಡು, ಅದೇ ಸೂತ್ರದಿಂದ (ಒಂದು ಸಂಖ್ಯೆಯಿಂದ 1ನ್ನು ಕಳೆದು, ಉಳಿದದ್ದರ ವರ್ಗಕ್ಕೆ 1ನ್ನು ಕೂಡಿಸಿದರೆ ಮುಂದಿನದು) ಹುಟ್ಟುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೆಂದು ನಂಬಿದ್ದರು. ಮುಂದಿನದಾದ 4294967297 ಎಂಬುದು 641 ಮತ್ತು 6700417ರ ಗುಣಲಬ್ಧವೆಂದು 1732ರಲ್ಲಿ ಆಯ್ಲರ್ ತೋರಿಸಿದರು. ಹಾಗಾಗಿ ತಮ್ಮ ಪುಟದ ಲೇಖಕರು ಬೇಸರಪಡಬೇಕಾಗಿಲ್ಲ.

ವಿದ್ಯಾರ್ಥಿ ಪುಟಕ್ಕೆ ಇದಕ್ಕಿಂತ ಸೊಗಸಾದ, ಮೇಲಾಗಿ ತಪ್ಪು ಹಾದಿಗೆ ಎಳೆಯದ ಇನ್ನೊಂದು ಆಟವಿದೆ. ಒಂದಂಕಿಯ ಅವಿಭಾಜ್ಯಗಳಾದ 2, 3, 5, 7ರಲ್ಲಿ ಯಾವುದಾದರೊಂದನ್ನು ಬರೆದುಕೊಂಡು, ಅದರ ಬಲಗಡೆಗೆ ಒಂದೊಂದೇ ಅಂಕಿಯನ್ನು ಸೇರಿಸುತ್ತಾ ಹೋಗಬೇಕು. ಸೇರಿಸಿದ ಪ್ರತಿ ಸಲವೂ ದೊರೆಯುವ ಸಂಖ್ಯೆ ಅವಿಭಾಜ್ಯವೇ ಆಗಿರಬೇಕು. ಯಾವ ಅಂಕಿಯನ್ನು ಸೇರಿಸಬೇಕೆಂಬ ಸ್ವಾತಂತ್ರ್ಯ ಆಡುವವರದು. ಎಷ್ಟು ದೂರ ಹೋಗಬಹುದು? ಎರಡನೆಯ ಅಂಕಿಯಿಂದಾಚೆಗೆ 0, 2, 4, 6, 8 ಮತ್ತು 5ಕ್ಕೆ ಪ್ರವೇಶವಿಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತದೆ, ಏಕೆಂದರೆ ಬಿಡಿ ಸ್ಥಾನದಲ್ಲಿ ಇವು ಕುಳಿತರೆ ಸಂಖ್ಯೆ 2ರಿಂದಲೋ 5ರಿಂದಲೋ ಭಾಗವಾಗುತ್ತದೆ. ಉಳಿದವು 1, 3, 7, 9 ಎಂಬ ನಾಲ್ಕೇ ಅಂಕಿಗಳು. 2ರಿಂದ ಹೊರಟು ಸಾಧ್ಯವಿದ್ದಷ್ಟೂ ಚಿಕ್ಕ ಅಂಕಿಯನ್ನೇ ಸೇರಿಸುವೆನೆಂದು ಹಟ ಹಿಡಿದರೆ 2, 23, 233, 2333, 23333 ಎಂಬಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಇನ್ನೊಂದು 3ನ್ನು ಸೇರಿಸಿದರೆ ಬರುವ 233333 ಎಂಬುದು 353 ಮತ್ತು 661ರ ಗುಣಲಬ್ಧ. 9ನ್ನು ಸೇರಿಸಿದರೆ ಬರುವ 233339 ಎಂಬುದು 19 ಮತ್ತು 12281ರ ಗುಣಲಬ್ಧ. 1 ಅಥವಾ 7ನ್ನು ಸೇರಿಸಿದರೆ ಅಂಕಿಗಳ ಮೊತ್ತ 15 ಅಥವಾ 21 ಆಗಿ ಸಂಖ್ಯೆ 3ರಿಂದ ಭಾಗವಾಗುತ್ತದೆ. ಆಗ ಮಾಡಬೇಕಾದ್ದು ಎರಡು ಹೆಜ್ಜೆ ಹಿಂದೆ ಸರಿದು 233ರ ಮುಂದೆ 3ರ ಬದಲು 9ನ್ನು ಬರೆಯುವುದು. ಹಾಗೆ ಮಾಡಿದವರಿಗೆ 2339, 23399, 233993, 2339933, 23399339 ಎಂದು ಎಂಟು ಅಂಕಿಗಳವರೆಗೆ ದಾರಿ ತೆರೆದುಕೊಳ್ಳುತ್ತದೆ. ಮುಂದೆ ಹೋಗಲಾಗದಿದ್ದಾಗ ಎಲ್ಲಿಯವರೆಗೆ ಹಿಂದೆ ಬಂದರೆ ಸಾಕು ಎಂದು ಯೋಚಿಸುವ ಈ ಅಭ್ಯಾಸವನ್ನು ನಮ್ಮ ಗಣಿತದ ಪಾಠಗಳು ಮಕ್ಕಳಿಗೆ ಬಹಳ ಅಪರೂಪಕ್ಕೆ ಕೊಡುತ್ತವೆ ಎಂಬುದು ನನ್ನ ಅನಿಸಿಕೆ. ಪುಸ್ತಕದ ಲೆಕ್ಕಗಳೆಲ್ಲ ಮುಂದಕ್ಕೇ ಹೋಗಿ ಉತ್ತರದಲ್ಲಿ ಮುಗಿಯುತ್ತವೆ.

ಈ ಆಟದೊಳಗೆ ಅಡಗಿರುವ ಒಂದು ನಿಯಮವನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿರಲಾರದು. ಯಾವುದೇ ಸಂಖ್ಯೆಯನ್ನು 3ರಿಂದ ಭಾಗಿಸಿದಾಗ ಉಳಿಯುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು 3ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಒಂದೇ ಎಂಬುದು ಪ್ರಾಥಮಿಕ ಶಾಲೆಯಲ್ಲೇ ಕಲಿತ ವಿಷಯ. ಹಾಗಾದರೆ ಬಲಗಡೆಗೆ 3 ಅಥವಾ 9ನ್ನು ಸೇರಿಸಿದಾಗ ಶೇಷ ಬದಲಾಗುವುದಿಲ್ಲ. 1 ಅಥವಾ 7ನ್ನು ಸೇರಿಸಿದಾಗ ಶೇಷ ಒಂದರಷ್ಟು ಮುಂದಕ್ಕೆ ಸರಿಯುತ್ತದೆ. ಮೂರಕ್ಕಿಂತ ದೊಡ್ಡದಾದ ಅವಿಭಾಜ್ಯದ ಶೇಷ 1 ಇರಬೇಕು, ಇಲ್ಲವೇ 2 ಇರಬೇಕು. ಶೇಷ 2 ಇರುವಾಗ 1 ಅಥವಾ 7ನ್ನು ಸೇರಿಸಿದರೆ ಸಂಖ್ಯೆ 3ರ ಗುಣಕವಾಗಿಬಿಡುತ್ತದೆ. ಶೇಷ 1 ಇರುವಾಗ ಸೇರಿಸಬಹುದು, ಆದರೆ ಸೇರಿಸಿದೊಡನೆ ಶೇಷ 2 ಆಗುವುದರಿಂದ ಆ ಅವಕಾಶ ಅಲ್ಲಿಗೆ ಶಾಶ್ವತವಾಗಿ ಮುಗಿದುಹೋಗುತ್ತದೆ. ಇದರ ಫಲಿತಾಂಶವನ್ನು ಗಮನಿಸಿ: 2 ಮತ್ತು 5ರಿಂದ ಹೊರಟವರು ಎಂದೆಂದಿಗೂ 3 ಮತ್ತು 9ನ್ನು ಮಾತ್ರ ಬಳಸಬಲ್ಲರು. 7ರಿಂದ ಹೊರಟವರಿಗೆ ಇಡೀ ಪಯಣದಲ್ಲಿ 1 ಅಥವಾ 7ನ್ನು ಒಂದೇ ಒಂದು ಸಲ ಬಳಸುವ ಅವಕಾಶ. 3ರಿಂದ ಹೊರಟವರು ಮೊದಲ ಹೆಜ್ಜೆಯಲ್ಲೇ 31 ಅಥವಾ 37ಕ್ಕೆ ಹೋಗಲೇಬೇಕು, ಏಕೆಂದರೆ 33 ಮತ್ತು 39 ಮೂರರ ಮಗ್ಗಿಯಲ್ಲೇ ಇವೆ. ಆಮೇಲೆ ಅವರಿಗೂ ಇನ್ನೊಂದೇ ಅವಕಾಶ.

ಈಗ ಈ ಆಟದಲ್ಲಿ ದೊರೆಯುವ ಅತ್ಯಂತ ಉದ್ದನೆಯ ಸಂಖ್ಯೆಗಳನ್ನು ನೋಡಿದರೆ ನಿಯಮ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅವು ಐದೇ ಐದು, ಎಲ್ಲವೂ ಎಂಟು ಅಂಕಿಗಳವು: 23399339, 29399999, 37337999, 59393339, 73939133. ಎರಡರಿಂದ ಹೊರಟ ಎರಡರಲ್ಲೂ, ಐದರಿಂದ ಹೊರಟ ಒಂದರಲ್ಲೂ ಮೊದಲ ಅಂಕಿಯ ನಂತರ 3 ಮತ್ತು 9ರ ಹೊರತು ಬೇರೇನೂ ಇಲ್ಲ. 73939133ರಲ್ಲಿ ಆರನೆಯ ಸ್ಥಾನದಲ್ಲಿ ಒಂದೇ ಒಂದು 1 ಇದೆ. 37337999ರಲ್ಲಿ ಮೊದಲ ಹೆಜ್ಜೆಯ 7 ಒಂದು, ನಡುವೆ ಇನ್ನೊಂದು. ಐದೂ ಸಂಖ್ಯೆಗಳ ಶೇಷ 2 ಆಗಿರುವುದರಿಂದ ಒಂಬತ್ತನೆಯ ಅಂಕಿಯಾಗಿ 3 ಅಥವಾ 9ನ್ನು ಮಾತ್ರ ಪ್ರಯತ್ನಿಸಬಹುದು; ಒಟ್ಟು ಹತ್ತು ಸಂಖ್ಯೆಗಳನ್ನು ಪರೀಕ್ಷಿಸಿದರೆ ಆಯಿತು, ಹತ್ತೂ ಸಂಯುಕ್ತಗಳೆಂದು ತಿಳಿದುಬರುತ್ತದೆ. ಉದಾಹರಣೆಗೆ 29399999ರ ಮುಂದೆ 3ನ್ನು ಬರೆದರೆ ಬರುವ 293999993 ಎಂಬುದು 29 ಕೋಟಿ 40 ಲಕ್ಷಕ್ಕೆ 7 ಕಡಿಮೆ. 294 ಏಳರ ಗುಣಕವೆಂದು ಗೊತ್ತಿದ್ದವರು ಕಾಗದ ಮುಟ್ಟದೆಯೇ ಇದು 7ರಿಂದ ಭಾಗವಾಗುತ್ತದೆಂದು ಹೇಳಬಲ್ಲರು. 9ನ್ನು ಬರೆದರೆ ಬರುವ 293999999 ಎಂಬುದು 29 ಮತ್ತು 10137931ರ ಗುಣಲಬ್ಧ. ಅಂದರೆ ತನ್ನದೇ ಮೊದಲೆರಡು ಅಂಕಿಗಳಿಂದ ಭಾಗವಾಗುತ್ತದೆ. 31ರ ಸಾಲಿನಲ್ಲಿ ಕಂಡ ಸಂಗತಿಯೇ ಇಲ್ಲೂ ಮರುಕಳಿಸಿರುವುದು ನನಗೆ ಬಹಳ ಇಷ್ಟವಾದ ವಿಷಯ.

ಒಂದಂಕಿಯಿಂದ ಎಂಟಂಕಿಯವರೆಗೆ ಈ ಬಗೆಯ ಅವಿಭಾಜ್ಯಗಳನ್ನು ಎಣಿಸಿದರೆ ಕ್ರಮವಾಗಿ 4, 9, 14, 16, 15, 12, 8, 5 ಸಿಗುತ್ತವೆ, ಒಟ್ಟು 83. ಅವಿಭಾಜ್ಯಗಳು ಅನಂತವಾಗಿವೆ ಎಂಬುದನ್ನು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ್ದರೂ, ಈ ಆಟದೊಳಗೆ ಅವು ಎಂಬತ್ತಮೂರಕ್ಕೆ ಮುಗಿದುಹೋಗುತ್ತವೆ. ಮೊದಲು ಏರಿ, ನಾಲ್ಕಂಕಿಯಲ್ಲಿ ತುದಿ ಮುಟ್ಟಿ, ಐದಂಕಿಯಿಂದ ಇಳಿಯತೊಡಗುವುದಕ್ಕೂ ಕಾರಣವಿದೆ. ಸಂಖ್ಯೆಗಳು ದೊಡ್ಡವಾದಂತೆ ಅವಿಭಾಜ್ಯಗಳು ವಿರಳವಾಗುತ್ತವೆ. ಎಷ್ಟು ವಿರಳವೆಂಬುದನ್ನು 1896ರಲ್ಲಿ ಹಡಮಾರ್ ಮತ್ತು ದ ಲಾ ವಾಲೆ ಪೂಸೆ ಎಂಬ ಇಬ್ಬರು ಬೇರೆ ಬೇರೆಯಾಗಿಯೇ ಸಾಧಿಸಿದ ಅವಿಭಾಜ್ಯ ಸಂಖ್ಯಾ ಪ್ರಮೇಯ ಹೇಳುತ್ತದೆ. ಅದರಂತೆ ಒಂದು ಸಂಖ್ಯೆಯ ಆಸುಪಾಸಿನಲ್ಲಿ ಸರಾಸರಿ ಎಷ್ಟು ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುತ್ತದೆಯೆಂಬುದು ಆ ಸಂಖ್ಯೆ ಬರಲು ಸುಮಾರು 2.718ನ್ನು ಏರಿಸಬೇಕಾದ ಘಾತಕ್ಕೆ, ಅಂದರೆ ಅದರ ಸ್ವಾಭಾವಿಕ ಲಾಗರಿದಮ್‌ಗೆ ಹತ್ತಿರವಿರುತ್ತದೆ: ಹತ್ತು ಸಾವಿರದ ಬಳಿ ಸುಮಾರು 9ಕ್ಕೊಂದು, ಹತ್ತು ಕೋಟಿಯ ಬಳಿ ಸುಮಾರು 18ಕ್ಕೊಂದು. ನಾವು ಬಲಗಡೆಗೆ ಒಂದಂಕಿಯನ್ನು ಸೇರಿಸುವಾಗ ಒಟ್ಟು ಹತ್ತು ಸಂಖ್ಯೆಗಳ ಒಂದು ಗುಂಪಿನಲ್ಲಿ ಹುಡುಕುತ್ತಿರುತ್ತೇವೆ. ಆದ್ದರಿಂದ ಲಾಗರಿದಮ್ 10ಕ್ಕಿಂತ ಕಡಿಮೆ ಇರುವವರೆಗೆ ಸರಾಸರಿ ಒಂದಕ್ಕಿಂತ ಹೆಚ್ಚು ಕವಲುಗಳು ಒಡೆಯುತ್ತವೆ, 10ನ್ನು ದಾಟಿದ ಮೇಲೆ ಒಂದಕ್ಕಿಂತ ಕಡಿಮೆ. ಆ ಗಡಿ ಬರುವುದು ಇಪ್ಪತ್ತೆರಡು ಸಾವಿರದ ಬಳಿ, ಅಂದರೆ ಐದಂಕಿಯ ಸಂಖ್ಯೆಗಳಲ್ಲಿ. ಇದು ಸರಾಸರಿಯ ಲೆಕ್ಕವೇ ಹೊರತು ಸಾಧನೆಯಲ್ಲ. ಆದರೂ 16ರಿಂದ 15ಕ್ಕೆ ಇಳಿದದ್ದು ಸರಿಯಾಗಿ ಅಲ್ಲಿಯೇ ಎಂಬುದನ್ನು ಕಂಡಾಗ ಇಂಥ ಅಂದಾಜುಗಳ ಮೇಲೆ ಗೌರವ ಹುಟ್ಟುತ್ತದೆ.

ಎಡಗಡೆಗೆ ಅಂಕಿ ಸೇರಿಸುವ ಆಟವೂ ಇದೆ. ಅಲ್ಲಿ ಬಿಡಿ ಸ್ಥಾನದ ಅಂಕಿ ಬದಲಾಗುವುದೇ ಇಲ್ಲವಾದ್ದರಿಂದ 3 ಅಥವಾ 7ರಿಂದ ಹೊರಟವರು ಸೊನ್ನೆಯ ಹೊರತು ಒಂಬತ್ತೂ ಅಂಕಿಗಳನ್ನು ಪ್ರಯತ್ನಿಸಬಹುದು, ಮತ್ತು ದಾರಿ ಬಹಳ ದೂರ ಸಾಗುತ್ತದೆ. 7, 37, 137, 9137, 29137, 629137 ಎಂದು ಹೊರಟವರು ಕೊನೆಗೆ 357686312646216567629137 ಎಂಬ ಇಪ್ಪತ್ತನಾಲ್ಕು ಅಂಕಿಗಳ ಅವಿಭಾಜ್ಯವನ್ನು ತಲುಪಬಹುದು. ಅದಕ್ಕಿಂತ ದೊಡ್ಡದು ಈ ಬಗೆಯಲ್ಲಿ ಇಲ್ಲ. ಒಟ್ಟು 4260 ಇವೆ. ಎಡದಿಂದಲೂ ಬಲದಿಂದಲೂ ಒಂದೊಂದೇ ಅಂಕಿಯನ್ನು ಅಳಿಸುತ್ತಾ ಬಂದರೂ ಅವಿಭಾಜ್ಯವಾಗಿಯೇ ಉಳಿಯುವವು ಹದಿನೈದು ಮಾತ್ರ, ಅವುಗಳಲ್ಲಿ ದೊಡ್ಡದು 739397. ಇವನ್ನೆಲ್ಲ ಕೈಯಿಂದ ಪರೀಕ್ಷಿಸುವುದು ಆಗದ ಮಾತು, ಕಂಪ್ಯೂಟರ್ ಬೇಕು.

ತಮ್ಮ ಪುಟದ ಲೇಖನಕ್ಕೆ ನೇರವಾಗಿ ಎದುರಾಗಿ ನಿಲ್ಲುವ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. 31ರ ಎಡಕ್ಕೆ ಮೂರುಗಳನ್ನು ಸೇರಿಸಿದಾಗ ಮೊದಮೊದಲು ಎಲ್ಲವೂ ಅವಿಭಾಜ್ಯವಾದವಲ್ಲವೇ? 37ರ ಬಲಕ್ಕೆ ಒಂದುಗಳನ್ನು ಸೇರಿಸುತ್ತಾ ಹೋಗಿ. 371, 3711, 37111, 371111 ಎಂದು ಎಷ್ಟೇ ದೂರ ಹೋದರೂ, ಸಾವಿರ ಒಂದುಗಳನ್ನು ಬರೆದರೂ, ಕೋಟಿ ಬರೆದರೂ, ಒಂದೇ ಒಂದು ಅವಿಭಾಜ್ಯವೂ ಸಿಗುವುದಿಲ್ಲ. ಇದು ಊಹೆಯಲ್ಲ, ಇದಕ್ಕೆ ಸಾಧನೆಯಿದೆ, ಅದೂ ಎಂಟನೆಯ ತರಗತಿಯ ಮಗು ಬರೆಯಬಲ್ಲಷ್ಟು ಸರಳವಾದದ್ದು. ಸೇರಿಸಿದ ಒಂದುಗಳ ಸಂಖ್ಯೆ 3, 6, 9 ಹೀಗೆ ಮೂರರ ಗುಣಕವಾಗಿದ್ದರೆ, 111 ಎಂಬುದು 37ರ ಮೂರು ಪಟ್ಟು ಆಗಿರುವುದರಿಂದ ಇಡೀ ಸಂಖ್ಯೆ 37ರಿಂದ ಭಾಗವಾಗುತ್ತದೆ. ಒಂದುಗಳ ಸಂಖ್ಯೆ 2, 5, 8 ಹೀಗಿದ್ದರೆ ಅಂಕಿಗಳ ಮೊತ್ತ 12, 15, 18 ಆಗಿ ಸಂಖ್ಯೆ 3ರಿಂದ ಭಾಗವಾಗುತ್ತದೆ. ಉಳಿದವು 1, 4, 7, 10, 13 ಎಂದು ಸಾಗುವ ಸಂಖ್ಯೆಗಳು. ಇಲ್ಲಿ 111111 ಎಂಬ ಆರು ಒಂದುಗಳ ಸಂಖ್ಯೆ ನೆರವಿಗೆ ಬರುತ್ತದೆ, ಏಕೆಂದರೆ ಅದು 7ರಿಂದಲೂ ಭಾಗವಾಗುತ್ತದೆ, 13ರಿಂದಲೂ ಭಾಗವಾಗುತ್ತದೆ. 371 ಎಂಬುದು 7 ಮತ್ತು 53ರ ಗುಣಲಬ್ಧವಾದ್ದರಿಂದ, ಅದಕ್ಕೆ ಆರಾರು ಒಂದುಗಳನ್ನು ಸೇರಿಸಿದಾಗ ಬರುವವೆಲ್ಲವೂ 7ರಿಂದ ಭಾಗವಾಗುತ್ತವೆ. 371111 ಎಂಬುದು 13 ಮತ್ತು 28547ರ ಗುಣಲಬ್ಧವಾದ್ದರಿಂದ, ಅದಕ್ಕೆ ಆರಾರು ಒಂದುಗಳನ್ನು ಸೇರಿಸಿದಾಗ ಬರುವವೆಲ್ಲವೂ 13ರಿಂದ ಭಾಗವಾಗುತ್ತವೆ. ಇಲ್ಲಿಗೆ ಎಲ್ಲ ಸಾಧ್ಯತೆಗಳೂ ಮುಗಿದವು. 3, 7, 13, 37 ಎಂಬ ನಾಲ್ಕು ಸಂಖ್ಯೆಗಳು ಸರದಿಯಂತೆ ನಿಂತು ಅನಂತವಾದ ಸಾಲೊಂದನ್ನು ಪೂರ್ತಿಯಾಗಿ ಕಾಯುತ್ತಿವೆ.

ಪ್ರಸಂಗವಶಾತ್ ಹೇಳುವುದಾದರೆ, ಈ 111111 ನಮ್ಮ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ, ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ 12345654321 ಎಂಬ ಸಂಖ್ಯೆಯನ್ನು ವರ್ಣಿಸಿದ್ದಾರೆ. ಅದು 111111ರ ವರ್ಗ. ಒಂಬತ್ತನೆಯ ಶತಮಾನದಲ್ಲೇ ಕನ್ನಡ ನಾಡಿನ ಅರಸೊತ್ತಿಗೆಯ ಆಶ್ರಯದಲ್ಲಿ ಅಂಕಿಗಳ ಜೋಡಣೆಯನ್ನು ಆನಂದಿಸುವವರಿದ್ದರು ಎಂಬುದನ್ನು ವಿದ್ಯಾರ್ಥಿ ಪುಟದ ಓದುಗರಿಗೆ ತಿಳಿಸಿದರೆ ಒಳ್ಳೆಯದು.

37ರ ಉದಾಹರಣೆಯಿಂದ ಯಾರೂ ನಿರಾಶರಾಗಬೇಕಾಗಿಲ್ಲ. ಒಂದೇ ಅಂಕಿಯ ಕಟ್ಟುಪಾಡನ್ನು ಸಡಿಲಿಸಿ, ಒಂದು ಸಲಕ್ಕೆ ಬೇಕಾದಷ್ಟು ಅಂಕಿಗಳನ್ನು, ಬೇಕಾದವನ್ನು ಸೇರಿಸಬಹುದು ಎಂದರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಆಗ ಯಾವ ಸಂಖ್ಯೆಯಿಂದ ಹೊರಟರೂ ಸಾಲು ಎಂದೂ ನಿಲ್ಲುವುದಿಲ್ಲ. ಮೂರು ಅಂಕಿಗಳನ್ನು ಸೇರಿಸುವುದೆಂದರೆ ಸಾವಿರ ಸಂಖ್ಯೆಗಳ ನಡುವೆ, ಆರು ಅಂಕಿಗಳನ್ನು ಸೇರಿಸುವುದೆಂದರೆ ಹತ್ತು ಲಕ್ಷ ಸಂಖ್ಯೆಗಳ ನಡುವೆ ಹುಡುಕುವುದು. ಹುಡುಕುವ ಕ್ಷೇತ್ರ ಪ್ರತಿ ಅಂಕಿಗೂ ಹತ್ತು ಪಟ್ಟು ಹಿಗ್ಗುತ್ತದೆ, ಅವಿಭಾಜ್ಯಗಳ ವಿರಳತೆಯಾದರೋ ಲಾಗರಿದಮ್‌ನಷ್ಟು ನಿಧಾನವಾಗಿ ಏರುತ್ತದೆ. ಹಾಗಾಗಿ ತಮ್ಮ ಮೊಬೈಲ್ ಸಂಖ್ಯೆಯಿಂದ ಆರಂಭವಾಗುವ ಅವಿಭಾಜ್ಯವೊಂದು ಇದ್ದೇ ಇದೆ ಎಂದು ಪ್ರತಿಯೊಬ್ಬ ಓದುಗರೂ ಧೈರ್ಯವಾಗಿ ಹೇಳಬಹುದು.

ಇಷ್ಟನ್ನೆಲ್ಲ ಬರೆಯುವುದಕ್ಕೆ ತಿದ್ದುಪಡಿಯಷ್ಟೇ ಕಾರಣವಲ್ಲ. ಶಾಲೆಗಳಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠವೆಂದರೆ ಒಂದು ವ್ಯಾಖ್ಯೆ, ನೂರರೊಳಗಿನ ಇಪ್ಪತ್ತೈದು ಸಂಖ್ಯೆಗಳ ಪಟ್ಟಿ, ಹತ್ತನೆಯ ತರಗತಿಗೆ ಬಂದಾಗ ಅಂಕಗಣಿತದ ಮೂಲಭೂತ ಪ್ರಮೇಯದ ಮೇಲೆ ಪರೀಕ್ಷೆಗೊಂದು ಪ್ರಶ್ನೆ ಎಂಬಲ್ಲಿಗೆ ಮುಗಿದುಹೋಗುತ್ತಿದೆ. ಪಟ್ಟಿಯನ್ನು ಬಾಯಿಪಾಠ ಮಾಡಿದ ಮಗು 91ನ್ನು ಅವಿಭಾಜ್ಯವೆಂದೇ ಎಷ್ಟೋ ಸಲ ಬರೆಯುತ್ತದೆ, ಏಕೆಂದರೆ ಅದು ಹದಿಮೂರರ ಮಗ್ಗಿಯಲ್ಲಿ ಏಳನೆಯದೆಂದು ನೋಡುವ ಸಂದರ್ಭವೇ ಅದಕ್ಕೆ ಬಂದಿರುವುದಿಲ್ಲ. ಮೇಲೆ ಹೇಳಿದ ಆಟವಾಡಿದ ಮಗು ನಾಲ್ಕಂಕಿಯ ಸಂಖ್ಯೆಯೊಂದನ್ನು ಪರೀಕ್ಷಿಸಬೇಕಾದಾಗ ವರ್ಗಮೂಲ ನೂರಕ್ಕಿಂತ ಕಡಿಮೆಯಾದ್ದರಿಂದ ನೂರರೊಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕೆಂದು, ಅವುಗಳಲ್ಲೂ 2, 3, 5ನ್ನು ನೋಟಕ್ಕೇ ಕೈಬಿಡಬಹುದೆಂದು, ಹೆಚ್ಚೆಂದರೆ ಇಪ್ಪತ್ತೆರಡು ಭಾಗಾಕಾರಗಳಲ್ಲಿ ಕೆಲಸ ಮುಗಿಯುತ್ತದೆಂದು ತಾನೇ ಕಂಡುಕೊಳ್ಳುತ್ತದೆ. ಭಾಗಾಕಾರದ ಅಭ್ಯಾಸ ಇದರಿಂದ ಆಗುವಷ್ಟು ಬೇರೆ ಯಾವ ಅಭ್ಯಾಸ ಪುಸ್ತಕದಿಂದಲೂ ಆಗದು. ಬ್ಯಾಂಕಿನ ವ್ಯವಹಾರವನ್ನು ಕಾಪಾಡುವ ಗುಪ್ತಲಿಪಿಗೆ ಅವಿಭಾಜ್ಯಗಳು ಬೇಕು ಎಂಬ ಕಾರಣವನ್ನು ಮುಂದೊಡ್ಡಿ ಮಕ್ಕಳನ್ನು ಒಲಿಸುವ ಅಗತ್ಯವಿದೆಯೆಂದು ನನಗೆ ಅನ್ನಿಸುವುದಿಲ್ಲ. 23333ರಲ್ಲಿ ಸಿಕ್ಕಿಕೊಂಡ ಮಗುವಿಗೆ ಅಲ್ಲಿಂದ ಹೊರಬರುವ ದಾರಿ ಬೇಕಾಗಿರುತ್ತದೆ, ಅಷ್ಟೇ.

ಆಟಕ್ಕೆ ಸಾಮಗ್ರಿ ಬೇಕೆನ್ನುವವರಿಗೆ ಹೆದ್ದಾರಿಯೇ ಸಾಕು. ಚಿತ್ರದುರ್ಗದ ಮೂಲಕ ಹಾದು ದಾವಣಗೆರೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಸ್ಸಿನ ಕಿಟಕಿಯ ಬಳಿ ಕುಳಿತ ಮಕ್ಕಳು ಎದುರಿಗೆ ಬರುವ ವಾಹನಗಳ ಫಲಕದ ನಾಲ್ಕಂಕಿಗಳನ್ನು ಓದಿಯೇ ಓದುತ್ತಾರೆ. ಸಾವಿರದಿಂದ 9999ರವರೆಗೆ 1061 ಅವಿಭಾಜ್ಯಗಳಿವೆ, ಅಂದರೆ ಹೆಚ್ಚುಕಡಿಮೆ ಎಂಟೂವರೆ ವಾಹನಗಳಿಗೊಂದು. ಆದರೆ ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಮುಚ್ಚುತ್ತಾ ಬಂದರೂ ಅವಿಭಾಜ್ಯವಾಗಿಯೇ ಉಳಿಯುವವು ಹದಿನಾರು ಮಾತ್ರ: 2333, 2339, 2393, 2399, 2939, 3119, 3137, 3733, 3739, 3793, 3797, 5939, 7193, 7331, 7333, 7393. ಇವುಗಳಲ್ಲಿ ಒಂದನ್ನು ಕಂಡ ಮಗು ಅದೃಷ್ಟವಂತ ಮಗುವೇ ಸರಿ. ನಮ್ಮ ಜಿಲ್ಲೆಯ ವಾಹನಗಳ ಮೇಲಿನ 16 ಸಂಯುಕ್ತ ಸಂಖ್ಯೆಯಾಗಿದ್ದು, ಮೂವತ್ತಮೂರು ಕೋಟಿ ದಾಟಿದ ಆ ಎಂಟನೆಯ ಸಂಖ್ಯೆಯನ್ನು ಮುರಿದ 17 ನೆರೆಯ ದಾವಣಗೆರೆಯ ಪಾಲಿಗೆ ಹೋಗಿರುವುದು ಚಿತ್ರದುರ್ಗದವರಾದ ನಮಗೆ ಸ್ವಲ್ಪ ಅಸೂಯೆಯ ವಿಷಯ.

ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ಅಲ್ಲಿಗೆ ಹೋಗಿ ಬರುವ ಶಿಕ್ಷಕ ಮಿತ್ರರು ತಮ್ಮ ತರಗತಿಯ ಮಕ್ಕಳಿಗೆ ಕೊಡಬಹುದಾದ ಇಂಥ ಲೆಕ್ಕಗಳನ್ನು ತಮ್ಮ ಪತ್ರಿಕೆಗೆ ಬರೆದು ಕಳಿಸಿದರೆ ಪುಟದ ಮಟ್ಟವೂ ಏರುತ್ತದೆ, ಪ್ರಕಟಣೆಗೆ ಮುನ್ನ ಪರಿಶೀಲಿಸುವವರೂ ಸಿಗುತ್ತಾರೆ. ಗಣಿತದ ಸಂಗತಿಯನ್ನು ಮುದ್ರಿಸುವ ಮೊದಲು ಮುಂದಿನ ಒಂದು ಹೆಜ್ಜೆಯನ್ನಾದರೂ ಲೆಕ್ಕ ಹಾಕಿ ನೋಡುವ ಪದ್ಧತಿಯನ್ನು ಸಂಪಾದಕ ವರ್ಗ ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ. 333333331ನ್ನು 17ರಿಂದ ಭಾಗಿಸಲು ಒಂದು ನಿಮಿಷ ಸಾಕಾಗುತ್ತಿತ್ತು.

ಮುಂದಿನ ವಾರದ ಪುಟದಲ್ಲಿ ತಿದ್ದುಪಡಿಯ ಜೊತೆಗೆ ಈ ಪ್ರಶ್ನೆಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. 37337999ರ ಮುಂದೆ 3ನ್ನು ಬರೆದರೆ 373379993, 9ನ್ನು ಬರೆದರೆ 373379999. ಎರಡೂ ಸಂಯುಕ್ತ ಸಂಖ್ಯೆಗಳು, ಎರಡಕ್ಕೂ 25ಕ್ಕಿಂತ ಚಿಕ್ಕದಾದ ಅವಿಭಾಜ್ಯ ಅಪವರ್ತನಗಳಿವೆ, ಮತ್ತು ಒಂದಕ್ಕೆ ಅಂಥವು ಎರಡಿವೆ. ಅವು ಯಾವುವು? ಉತ್ತರವನ್ನು ಮಾತ್ರ ಅದೇ ವಾರ ಮುದ್ರಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ,
ಚಿತ್ರದುರ್ಗ